ರಿಪೇರಿಯಷ್ಟೇ ಅಲ್ಲ, ಕಡಿವಾಣವೂ

ಬಿಆರ್‌ಸಿಎ1 ಎಂದರೆ ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನು ಎಂದೇ ಎಲ್ಲೆಡೆ ಪರಿಚಯ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಮುಖ್ಯ ಪ್ರಶ್ನೆಯೊಂದು ಹಾಗೇ ಉಳಿಯುತ್ತದೆ. ಡಿಎನ್‌ಎ ಮುರಿಯುವುದು ಚರ್ಮದಲ್ಲೂ ಕರುಳಿನಲ್ಲೂ ನಡೆದೇ ಇರುತ್ತದೆ. ಹಾಗಿದ್ದರೂ ಈ ಪ್ರೋಟೀನಿನ ಜೀನ್‌ನಲ್ಲಿ ದೋಷವಿರುವ ಹೆಣ್ಣುಮಕ್ಕಳಿಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ 72ರಷ್ಟು, ಅಂಡಾಶಯದ ಕ್ಯಾನ್ಸರ್‌ನದು ಶೇ 44ರಷ್ಟು ಎಂದು 2017ರ ದೊಡ್ಡ ಅಧ್ಯಯನವೊಂದು ಅಂದಾಜಿಸಿದೆ. ಹಾರ್ಮೋನಿಗೆ ಓಗೊಡುವ ಅಂಗಗಳಿಗೇ ಈ ಪೆಟ್ಟು ಏಕೆ? ಹಾರ್ಮೋನಿನ ಸಂದೇಶ ಪಡೆಯುವ ಗ್ರಾಹಕಗಳನ್ನು ಹದ್ದುಬಸ್ತಿನಲ್ಲಿಡುವ ಎರಡನೆಯ ಕೆಲಸವೂ ಈ ಪ್ರೋಟೀನಿಗಿದೆ. ಕ್ಯಾನ್ಸರ್ ತಡೆಯುವ ಔಷಧಿಯನ್ನು ಆ ದಾರಿಯಲ್ಲೂ ಹುಡುಕಬೇಕು ಎಂಬುದು ನನ್ನ ವಾದ.

ಈಸ್ಟ್ರೋಜನ್ ತನ್ನ ಗ್ರಾಹಕದ ಗುಳಿಯಲ್ಲಿ ಕೂತೊಡನೆ ಗ್ರಾಹಕದ ತುದಿಯ ಸುರುಳಿಯೊಂದು ಮಡಚಿಕೊಂಡು ಗುಳಿಯ ಬಾಯಿ ಮುಚ್ಚುತ್ತದೆ. ಆಗ ಹೊರಮೈಯಲ್ಲಿ ಹೊಸ ಜಾಗವೊಂದು ಸಿದ್ಧವಾಗಿ, ಪಿ300ರಂಥ ಸಹಾಯಕ ಪ್ರೋಟೀನುಗಳು ಬಂದು ಸೇರುತ್ತವೆ. ಕೋಶ ಬೆಳೆಸುವ ಜೀನ್‌ಗಳು ಚಾಲೂ ಆಗುತ್ತವೆ. ಬಿಆರ್‌ಸಿಎ1 ಈ ಚಟುವಟಿಕೆಯನ್ನು ಕುಗ್ಗಿಸುತ್ತದೆ ಎಂಬುದು 1999ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಯೋಗದಿಂದ ತಿಳಿಯಿತು. ಅದು ಗ್ರಾಹಕವನ್ನು ನೇರವಾಗಿ ಹಿಡಿಯುತ್ತದೆ, ಪಿ300ರ ಪ್ರಮಾಣವನ್ನೂ ಇಳಿಸುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಇವೆಲ್ಲ ಹೊರಗಿನಿಂದ ಜೀನ್ ತುಂಬಿಸಿದ ಕೋಶಗಳಲ್ಲಿ ಕಂಡದ್ದು, ದೇಹದಲ್ಲೂ ಹೀಗೆಯೇ ಎಂದು ಹೇಗೆ ನಂಬುವುದು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ 2006ರಲ್ಲಿ ಇಲಿಗಳಿಂದ ಉತ್ತರ ಬಂತು. ಸ್ತನ ಗ್ರಂಥಿಯಲ್ಲಿ ಬಿಆರ್‌ಸಿಎ1 ಮತ್ತು ಗಡ್ಡೆ ತಡೆಯುವ ಇನ್ನೊಂದು ಪ್ರೋಟೀನು ಪಿ53 ಎರಡೂ ಇಲ್ಲದ ಇಲಿಗಳಲ್ಲಿ ಇನ್ನೊಂದು ಹೆಣ್ಣು ಹಾರ್ಮೋನಾದ ಪ್ರೊಜೆಸ್ಟರಾನಿನ ಗ್ರಾಹಕ ಅತಿಯಾಗಿ ಹೆಚ್ಚಿತ್ತು, ಅವಕ್ಕೆ ಗಡ್ಡೆಗಳಾದವು. ಆ ಗ್ರಾಹಕವನ್ನು ಕಟ್ಟಿಹಾಕುವ ಮಿಫೆಪ್ರಿಸ್ಟೋನ್ ಕೊಟ್ಟ ಇಲಿಗಳಲ್ಲಿ ಹನ್ನೆರಡು ತಿಂಗಳಾದರೂ ಕೈಗೆ ಸಿಗುವಂಥ ಗಡ್ಡೆ ಬರಲಿಲ್ಲ. ಜೀನ್ ದೋಷ ಹಾಗೇ ಇತ್ತು. ಬದಲಾದದ್ದು ಹಾರ್ಮೋನಿನ ಒತ್ತಡ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ. ಬಿಆರ್‌ಸಿಎ1 ದೋಷದಿಂದ ಬರುವ ಸ್ತನ ಗಡ್ಡೆಗಳಲ್ಲಿ ಬಹುಪಾಲಿಗೆ ಈಸ್ಟ್ರೋಜನ್ ಗ್ರಾಹಕವೇ ಇರುವುದಿಲ್ಲ. ಇಲ್ಲದ ಗ್ರಾಹಕಕ್ಕೆ ಕಡಿವಾಣವೇಕೆ? ಆದರೆ ಸ್ತನದಲ್ಲಿ ಹಾರ್ಮೋನಿನ ಆಜ್ಞೆ ಪಡೆಯುವ ಕೋಶ ಒಂದು, ಬೆಳೆಯುವ ಕೋಶ ಇನ್ನೊಂದು. ಪ್ರೊಜೆಸ್ಟರಾನ್ ಸಿಕ್ಕ ಕೋಶ ರ‍್ಯಾಂಕ್-ಎಲ್ ಎಂಬ ಸಂದೇಶ ಹೊರಡಿಸುತ್ತದೆ, ಹಾರ್ಮೋನು ಗ್ರಾಹಕವಿಲ್ಲದ ನೆರೆಯ ಕೋಶ ಅದನ್ನು ಪಡೆದು ವಿಭಜನೆಗೆ ಇಳಿಯುತ್ತದೆ. ರಿಪೇರಿ ಕೆಟ್ಟಿರುವಾಗ ಇಂಥ ಪ್ರತಿ ವಿಭಜನೆಯೂ ಅಪಾಯ. ಹಾಗಾಗಿ ಗಡ್ಡೆಯಲ್ಲಿ ಗ್ರಾಹಕ ಇಲ್ಲವೆಂದ ಮಾತ್ರಕ್ಕೆ ಗಡ್ಡೆ ಹುಟ್ಟುವಲ್ಲಿ ಹಾರ್ಮೋನಿನ ಪಾತ್ರವಿಲ್ಲ ಎನ್ನಲಾಗದು. ಈಸ್ಟ್ರೋಜನ್ ಗ್ರಾಹಕವನ್ನು ಕಟ್ಟಿಹಾಕುವ ಟ್ಯಾಮಾಕ್ಸಿಫೆನ್ ಈ ದೋಷವಿರುವವರಿಗೆ ತಡೆ ಔಷಧಿಯಾಗಿ ನಾಟಲಿಲ್ಲ ಎಂದು 2001ರ ವಿಶ್ಲೇಷಣೆಯೊಂದನ್ನು ತೋರಿಸುವವರಿದ್ದಾರೆ. ಅದರಲ್ಲಿದ್ದ ಬಿಆರ್‌ಸಿಎ1 ರೋಗಿಗಳು ಎಂಟೇ ಮಂದಿ. ಅಷ್ಟರಿಂದ ಇಡೀ ದಾರಿಯನ್ನು ಮುಚ್ಚುವುದು ಅವಸರ.

ಇಂದು ಈ ದೋಷ ಹೊತ್ತ ಆರೋಗ್ಯವಂತ ಯುವತಿಗೆ ಅಪಾಯವನ್ನು ಬಹುವಾಗಿ ತಗ್ಗಿಸುವ ದಾರಿಯೆಂದರೆ ಸ್ತನ, ಅಂಡಾಶಯಗಳನ್ನೇ ತೆಗೆಸಿಕೊಳ್ಳುವುದು. ಜೀವ ಉಳಿಸುವ ಶಸ್ತ್ರಚಿಕಿತ್ಸೆಯನ್ನು ಹೀಗಳೆಯುವುದು ತಪ್ಪು. ಆದರೆ ಅದನ್ನೇ ಕೊನೆಯ ಮಾತು ಮಾಡುವುದು ಆ ಯುವತಿಗೆ ಮಾಡುವ ಅನ್ಯಾಯ. ರ‍್ಯಾಂಕ್-ಎಲ್ ಸಂದೇಶವನ್ನು ತಡೆಯುವ ಡೆನೊಸುಮ್ಯಾಬ್ ಔಷಧಿಯನ್ನು ಬಿಆರ್‌ಸಿಎ-ಪಿ ಎಂಬ ಅಂತರರಾಷ್ಟ್ರೀಯ ಪ್ರಯೋಗ ಇಂಥ ಮಹಿಳೆಯರಲ್ಲೇ ಪರೀಕ್ಷೆಗೆ ಒಡ್ಡಿದೆ. ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ಹಾಗಿರುವಾಗ ಹಾರ್ಮೋನಿನ ದಾರಿಯನ್ನು ಅಳೆಯುವ ಇಂಥ ತಡೆ ಪ್ರಯೋಗಗಳು ಇಲ್ಲಿಯೂ ನಡೆಯಬೇಕು, ಅದಕ್ಕೆ ಸರ್ಕಾರವೇ ಹಣ ಕೊಡಬೇಕು.