ಹೆಡ್ ಬದಲಾದರೆ ಜಾತಿ ಕೆಡುವುದಿಲ್ಲ

ಜುಲೈ ತಿಂಗಳ ಎರಡನೇ ಭಾನುವಾರ ಹಳೆಯ ಜಾವಾ, ಯೆಜ್ಡಿ ಗಾಡಿಗಳವರೆಲ್ಲ ಒಂದೆಡೆ ಸೇರುವುದು ರೂಢಿ. ಅಂಥ ಒಂದು ಭಾನುವಾರ ಮಹನೀಯರೊಬ್ಬರು ನನ್ನ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಟ್ಯಾಂಕಿನಡಿ ಇಣುಕಿ ನೋಡಿ, 'ಈ ಹೆಡ್ ಈ ಗಾಡೀದಲ್ಲ ಅಲ್ವಾ ಸಾರ್? ಕಲಬೆರಕೆ ಮಾಡ್ಬಿಟ್ಟಿದೀರಿ' ಎಂದರು. ನಾನು ಗಾಡಿಯನ್ನು ಓಡಿಸಿಕೊಂಡು ಬಂದಿದ್ದೆ. ಅವರದು ಲಾರಿಯಲ್ಲಿ ಬಂದಿತ್ತು.

ಈ 'ಒರಿಜಿನಲ್' ಎಂಬುದು ನಮ್ಮ ಕಾಲದ ಹೊಸ ಮಡಿ. ಮುಟ್ಟಿದರೆ ಮೈಲಿಗೆ, ಬೆರೆತರೆ ಕುಲಭ್ರಷ್ಟ. ಆದರೆ ಈ ಕುಲದ ಮೂಲವನ್ನು ಸ್ವಲ್ಪ ಕೆದಕಿ ನೋಡಿ. ಜಾವಾ ಎಂಬ ಹೆಸರೇ ಯಾನೆಚೆಕ್, ವಾಂಡರರ್ ಎಂಬ ಎರಡು ಹೆಸರುಗಳ ಕಸಿ. 1929ರಲ್ಲಿ ಚೆಕೊಸ್ಲೊವಾಕಿಯಾದ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲನ್ನು ತನ್ನದಾಗಿಸಿಕೊಂಡು ಶುರುಮಾಡಿದ ವ್ಯವಹಾರ ಅದು. 1961ರಲ್ಲಿ ಅದು ಮೈಸೂರಿನ ಯಾದವಗಿರಿಗೆ ಬಂತು. 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. ಹುಟ್ಟಿನಿಂದಲೇ ಬೆರಕೆಯಾದ ವಂಶಕ್ಕೆ ಈಗ ಗೋತ್ರ ಕೇಳುವುದೇ?

ಕಾರ್ಖಾನೆ 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದವು, ನಿಜ. ಆದರೆ ಬಂದವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಇಂಜಿನ್ನುಗಳು. ನಮ್ಮ ಟೂ ಸ್ಟ್ರೋಕ್ ಮುದುಕರಿಗೆ ಅವುಗಳ ಹೆಡ್ಡಿನಿಂದ ಏನೂ ಉಪಯೋಗವಿಲ್ಲ. ನಮಗಿರುವುದು ಗುಜರಿ, ಮತ್ತು ಗುಜರಿಯಲ್ಲಿ ಆರಿಸಬಲ್ಲ ಮೇಸ್ತ್ರಿಯ ಕಣ್ಣು.

ನನ್ನ ಗಾಡಿಯ ಹೆಡ್ಡಿನಲ್ಲಿ ಪ್ಲಗ್ ಕೂರುವ ಮರೆ ಸವೆದುಹೋಗಿತ್ತು. ಒಂದು ದಿನ ಏರಿನಲ್ಲಿ ಪ್ಲಗ್ಗೇ ಕಿತ್ತು ಹಾರಿತು. ಅಂಥದೇ ಹೆಡ್ಡೊಂದು ಸಂಗ್ರಾಹಕರೊಬ್ಬರ ಗಾಜಿನ ಕಪಾಟಿನಲ್ಲಿ ಪಾಲಿಶ್ ಹಾಕಿಸಿಕೊಂಡು ಕೂತಿತ್ತು. ಅವರು ಹೇಳಿದ ಬೆಲೆಗೆ ಇನ್ನೊಂದು ಗಾಡಿ ಬರುತ್ತಿತ್ತು. ನನ್ನ ಜಗಳ ಇರುವುದು ಇಲ್ಲಿ. ಶುದ್ಧಿಯ ಹುಚ್ಚು ಹೆಚ್ಚಿದಷ್ಟೂ ಬಿಡಿಭಾಗ ಕಪಾಟು ಸೇರುತ್ತದೆ; ಹಾಲಿನ ಕ್ಯಾನು ಕಟ್ಟಿಕೊಂಡು ಯೆಜ್ಡಿ ಓಡಿಸುವವನ ಗಾಡಿ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಗಾಡಿಯನ್ನು ಉಳಿಸುತ್ತೇವೆ ಎನ್ನುವವರೇ ಗಾಡಿಯನ್ನು ಕೊಲ್ಲುವ ಬಗೆ ಇದು.

ಹಾಗೆಂದು 'ಸ್ಟಡ್ಡಿಗೆ ತೂತು ಹೊಂದಿದರೆ ಆಯಿತು, ಬಿಗಿ' ಎನ್ನುವವರ ಪಕ್ಷ ನನ್ನದಲ್ಲ. ಅವರು ಇನ್ನೊಂದು ಬಗೆಯ ಶತ್ರುಗಳು. ಟೂ ಸ್ಟ್ರೋಕ್ ಹೆಡ್ಡಿನಲ್ಲಿ ವಾಲ್ವು ಇಲ್ಲ. ನೋಡಲು ರೆಕ್ಕೆಗಳಿರುವ ಒಂದು ಮುಚ್ಚಳ. ಆದರೆ ಇಂಜಿನ್ನಿನ ಗುಣ ಆ ಮುಚ್ಚಳದ ಒಳಹೊಟ್ಟೆಯಲ್ಲಿದೆ. ನಮ್ಮ 250ರ ಬೋರು 65 ಮಿಲಿಮೀಟರ್, ಸ್ಟ್ರೋಕು 75. ಅಂದರೆ ಸುಮಾರು 249 ಸಿಸಿ. ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ 39 ಸಿಸಿ ಎಂದಿಟ್ಟುಕೊಳ್ಳಿ, ಕಂಪ್ರೆಶನ್ 7.4ಕ್ಕೆ ಒಂದು. ಅದೇ 34 ಆದರೆ 8.3. ಐದೇ ಸಿಸಿ, ಒಂದು ಟೀ ಚಮಚ! ಅಷ್ಟಕ್ಕೆ ಏರಿನಲ್ಲಿ ಇಂಜಿನ್ ಟಕಟಕ ಹೊಡೆಯಲು ಶುರುವಾಗಬಹುದು. ಕೇಳಿಸಿಕೊಳ್ಳದೆ ಎಳೆದರೆ ಪಿಸ್ಟನ್ ತಲೆಗೇ ತೂತು.

ನಮ್ಮ ಮೇಸ್ತ್ರಿ ಇಂಜಿನಿಯರಿಂಗ್ ಓದಿದವರಲ್ಲ. ಆದರೂ ಹೊಸ ಹೆಡ್ ಕೂರಿಸುವ ಮೊದಲು ಪಿಸ್ಟನ್ ಮೇಲೆ ಬೆಸುಗೆಯ ಸೀಸದ ತಂತಿಯ ತುಂಡುಗಳನ್ನಿಟ್ಟು, ಹೆಡ್ ಬಿಗಿದು, ಕಿಕ್ಕರನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಜಜ್ಜಿದ ತಂತಿಯನ್ನು ವರ್ನಿಯರ್‌ನಲ್ಲಿ ಅಳೆದರು. ಆಮೇಲೆ ಪ್ಲಗ್ಗಿನ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟು ಸಿಸಿ ಲೆಕ್ಕ ಹಾಕಿದರು. ಪ್ಲಗ್ ಮರೆಯ ಉದ್ದ ನೋಡಿದರು: ದಪ್ಪ ಅದೇ 14 ಮಿಲಿಮೀಟರ್ ಇದ್ದರೂ ಉದ್ದ 12.7 ಇರಬೇಕಾದಲ್ಲಿ 19 ಹಾಕಿದರೆ ಪಿಸ್ಟನ್ನಿಗೇ ಬಡಿಯುತ್ತದೆ. ಹೆಡ್ಡಿನ ತಳವನ್ನು ಗಾಜಿನ ಮೇಲೆ ಎಮರಿ ಕಾಗದ ಹಾಸಿ ಉಜ್ಜಿ ಸಮ ಮಾಡಿದರು. ಅರ್ಧ ದಿನ ಹಿಡಿಯಿತು. 'ಕೂತ್ಕೊಳ್ಳೋದೇ ಬೇರೆ, ಹೊಂದ್ಕೊಳ್ಳೋದೇ ಬೇರೆ ಸ್ವಾಮಿ' ಎಂದರು. ಆ ಮಹನೀಯರು ಹೆಡ್ಡಿನ ಹೊರಮೈ ನೋಡಿದರು. ಮೇಸ್ತ್ರಿ ಒಳಗನ್ನು ಅಳೆದಿದ್ದರು.

ಮೂಲ ಹೆಡ್ಡನ್ನು ನಾನು ಎಸೆದಿಲ್ಲ. ಎಣ್ಣೆ ಸವರಿ ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಮರೆಗೆ ಬುಷ್ ಹಾಕಿಸಿದರೆ ಯಾರಿಗಾದರೂ ಆದೀತು. ಗಾಡಿ ಮಾರುವ ದಿನ ಬಂದರೆ ಹೆಡ್ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳುತ್ತೇನೆ. ಬದಲಾಯಿಸಿದ್ದನ್ನು ಮುಚ್ಚಿಟ್ಟು ಒರಿಜಿನಲ್ ಎಂದು ಮಾರುವುದಿದೆಯಲ್ಲ, ಈ ವ್ಯವಹಾರದಲ್ಲಿ ಮೈಲಿಗೆ ಎಂಬುದೊಂದಿದ್ದರೆ ಅದೇ.

ಅಂದು ಸಂಜೆ ಮಳೆ ಹಿಡಿಯಿತು. ಅವರ ಗಾಡಿಗೆ ಟಾರ್ಪಾಲು ಹೊದಿಸುತ್ತಿದ್ದರು. ನನ್ನದು ಎರಡನೇ ಕಿಕ್ಕಿಗೆ ಸ್ಟಾರ್ಟ್ ಆಯಿತು.