ಟೆಕ್ ಕಿಟಕಿ: ನಾನು ರೋಬೋಟ್ ಅಲ್ಲ, ನಿಜವಾಗ್ಲೂ!

ಕಳೆದ ತಿಂಗಳು ಪಾಸ್‌ವರ್ಡ್ ಬಗ್ಗೆ ಬರೆದಿದ್ದೆ. ಈ ಸಲ ಪಾಸ್‌ವರ್ಡ್ ಹಾಕಿದ ಮೇಲೂ ಬಿಡದ ಕಾಟದ ಬಗ್ಗೆ: "ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಆರಿಸಿ."

ಇದಕ್ಕೆ ಕ್ಯಾಪ್ಚಾ ಅಂತ ಹೆಸರು. ಒಂದು ಪ್ರೋಗ್ರಾಂ ಕಾಫಿ ಕುಡಿಯದೆ, ನಿದ್ದೆ ಮಾಡದೆ ಸಾವಿರಾರು ಸುಳ್ಳು ಅಕೌಂಟ್ ತೆರೆಯಬಹುದು, ಕದ್ದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಬಹುದು. ಅದನ್ನು ತಡೆಯಲು ಮನುಷ್ಯರಿಗೆ ಸುಲಭ, ಕಂಪ್ಯೂಟರ್‌ಗೆ ಕಷ್ಟ ಎನ್ನುವಂಥ ಪ್ರಶ್ನೆ ಬೇಕಿತ್ತು. ಕ್ಯಾಪ್ಚಾ ಎಂದು ಹೆಸರಿಟ್ಟವರು ಲೂಯಿಸ್ ವಾನ್ ಆನ್ ಮತ್ತು ಅವರ ಜೊತೆಗಾರರು. (ಡುವೊಲಿಂಗೋ ಶುರು ಮಾಡಿದವರಲ್ಲೂ ಇವರು ಒಬ್ಬರು. ಅದರಲ್ಲಿ ಕನ್ನಡ ಕಲಿಸುವುದಿಲ್ಲ, ಹಾಗಾಗಿ ನಮಗೆ ಭಾನುವಾರದ ಕ್ಲಾಸ್ ತಪ್ಪಿದ್ದಲ್ಲ.)

2007ರಲ್ಲಿ ಬಂದ ಅವರ ರೀಕ್ಯಾಪ್ಚಾದಲ್ಲಿ ಎರಡು ಪದ ಇರುತ್ತಿದ್ದವು. ಒಂದು ಪರೀಕ್ಷೆಗೆ. ಇನ್ನೊಂದು ಹಳೆಯ ಪುಸ್ತಕದಿಂದ ಸ್ಕ್ಯಾನ್ ಮಾಡಿದ, ಕಂಪ್ಯೂಟರ್‌ಗೆ ಓದಲು ಬಾರದ ಪದ. ನ್ಯೂಯಾರ್ಕ್ ಟೈಮ್ಸ್‌ನ ಹಳೆಯ ಸಂಚಿಕೆಗಳನ್ನು ಜನ ಹೀಗೆ ಗೊತ್ತಿಲ್ಲದೆಯೇ ಟೈಪ್ ಮಾಡಿಕೊಟ್ಟರು! 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಆಮೇಲೆ ಬೀದಿಯ ಚಿತ್ರಗಳು ಬಂದವು.

ಆ ಚಿತ್ರಗಳು ಹೆಚ್ಚಾಗಿ ಅಮೆರಿಕದವು. ಊರಲ್ಲಿರುವ ಅಜ್ಜಿಗೆ ಫೈರ್ ಹೈಡ್ರಂಟ್ ಅಂದರೇನು ಅಂತ ಫೋನಿನಲ್ಲಿ ವಿವರಿಸಿದ್ದೇನೆ. "ನಮ್ಮ ಬೀದೀಲಿ ಬೋರ್‌ವೆಲ್ ಇದೆಯಲ್ಲೋ, ಅಂಥದ್ದಾ?" ಅಂದರು. ಅಜ್ಜಿ ರೋಬೋಟ್ ಅಲ್ಲ, ಆದರೂ ಫೇಲ್. ಇತ್ತ 2024ರಲ್ಲಿ ಇಟಿಎಚ್ ಜ್ಯೂರಿಚ್‌ನ ಸಂಶೋಧಕರು ಮಾಡಿದ ಪ್ರೋಗ್ರಾಂ ಈ ಚಿತ್ರಗಳನ್ನು ನೂರಕ್ಕೆ ನೂರು ಬಿಡಿಸಿತು.

ಈಗ ಮುಖ್ಯ ವಿಷಯ. ಕಳ್ಳರು ಸುಳ್ಳು ಕ್ಯಾಪ್ಚಾ ಮಾಡುತ್ತಿದ್ದಾರೆ. ನೋಡಲು ಅದೇ ಥರ, "ನಾನು ರೋಬೋಟ್ ಅಲ್ಲ" ಅಂತ ಇರುತ್ತದೆ. ಒತ್ತಿದರೆ, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅನ್ನುತ್ತದೆ. ಅಷ್ಟರಲ್ಲಿ ಆ ಪೇಜ್ ಒಂದು ಕಮಾಂಡನ್ನು ಸದ್ದಿಲ್ಲದೆ ಕಾಪಿ ಮಾಡಿಟ್ಟಿರುತ್ತದೆ. ನೀವೇ ಪೇಸ್ಟ್ ಮಾಡಿ, ನೀವೇ ಓಡಿಸಿದ ಹಾಗೆ! ಬ್ರೌಸರ್‌ನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್‌ಗಳು ಕಳ್ಳರ ಕೈಗೆ ಹೋಗಬಹುದು. ಮ್ಯಾಕ್‌ನಲ್ಲಾದರೆ ಟರ್ಮಿನಲ್ ತೆರೆಯಲು ಹೇಳುತ್ತದೆ.

ನಿಜವಾದ ಕ್ಯಾಪ್ಚಾದ ಕೆಲಸವೆಲ್ಲ ಆ ಪೇಜಿನೊಳಗೇ ಮುಗಿಯುತ್ತದೆ. ಅದು ಹೊರಗೆ ಏನನ್ನೂ ಪೇಸ್ಟ್ ಮಾಡಿ ಅನ್ನುವುದಿಲ್ಲ. ಗೇಮ್ ಚೀಟ್ ಹುಡುಕುವ ಮಕ್ಕಳೇ, ಫ್ರೀ ಸಿನಿಮಾ ಹುಡುಕುವ ಅಂಕಲ್‌ಗಳೇ, ಇದು ಇಬ್ಬರಿಗೂ.

ಈಗಾಗಲೇ ಒತ್ತಿಬಿಟ್ಟಿದ್ದರೆ ವೈಫೈ ಆಫ್ ಮಾಡಿ. ಬೈತಾರೆ ಅಂತ ಮುಚ್ಚಿಡದೆ ಅಪ್ಪ ಅಮ್ಮನಿಗೆ ತಕ್ಷಣ ಹೇಳಿ. ಬೇರೆ ಫೋನ್‌ನಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ. ಈಮೇಲ್ ಮತ್ತು ಬ್ಯಾಂಕಿನದು ಮೊದಲು, ಗೇಮ್‌ದು ಆಮೇಲೆ.