ಸ್ಟಾರ್ ಎಣಿಸಿದ್ದು ಸಾಕು

ಹೊಸ ಪ್ಯಾಕೇಜನ್ನು ಪ್ರಾಜೆಕ್ಟ್‌ಗೆ ಹಾಕೋ ಮುಂಚೆ ನಾವೆಲ್ಲ ನೋಡೋದು ಒಂದೇ: ಗಿಟ್‌ಹಬ್‌ನಲ್ಲಿ ಎಷ್ಟು ಸ್ಟಾರ್ ಇದೆ? ಸ್ಟಾರ್ ತೋರಿಸೋದು ಹೆಸರನ್ನು. ಪ್ಯಾಕೇಜ್ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಅದನ್ನು ನಂಬಿಕೊಂಡು ಏನೇನು ನಿಂತಿದೆ ಅಂತ ನೋಡಬೇಕು.

2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನೋ 11 ಸಾಲಿನ ಕೋಡನ್ನು ಬರೆದವರೇ ಎನ್‌ಪಿಎಂನಿಂದ ತೆಗೆದರು. ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ಕೂಡ ಕೆಟ್ಟು ನಿಂತಿತು.

ನೇರವಾಗಿ ಬಳಸೋರನ್ನು ಮಾತ್ರ ಎಣಿಸಿದರೂ ಸಾಲದು. 2024ರಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಫ್ಟ್‌ವೇರ್‌ನಲ್ಲಿ ಯಾರೋ ಬಚ್ಚಿಟ್ಟ ಹಿಂಬಾಗಿಲು ಸಿಕ್ಕಿತು. ಗುರಿ ಓಪನ್‌ಎಸ್‌ಎಸ್‌ಎಚ್. ಅದಕ್ಕೆ ಈ ಲೈಬ್ರರಿ ನೇರವಾಗಿ ಬೇಕೇ ಇಲ್ಲ! ಡೆಬಿಯನ್‌ನಂಥ ಕೆಲವು ಲಿನಕ್ಸ್‌ಗಳಲ್ಲಿ ಅದು ಸಿಸ್ಟಮ್‌ಡಿಯ ಲೈಬ್ರರಿ ಮೂಲಕ ಒಳಗೆ ಬರುತ್ತಿತ್ತು. ಲಾಗಿನ್ ಅರ್ಧ ಸೆಕೆಂಡ್ ತಡವಾಗ್ತಿದೆ ಅಂತ ಆಂಡ್ರೆಸ್ ಫ್ರಾಯಿಂಡ್ ಕೆದಕಿ ನೋಡಿದ್ದಕ್ಕೆ ಎಲ್ಲರೂ ಬಚಾವ್. ಆ ಕೋಡನ್ನು ವರ್ಷಗಟ್ಟಲೆ ಸಾಕಿದ್ದು ಹೆಚ್ಚುಕಡಿಮೆ ಒಬ್ಬರೇ.

ಗೂಗಲ್‌ನ ಪೇಜ್‌ರ್‍ಯಾಂಕ್ ಲೆಕ್ಕ ಇಲ್ಲಿಗೂ ಒಪ್ಪುತ್ತೆ. ಮುಖ್ಯವಾದ ಪುಟ ಯಾವುದಕ್ಕೆ ಲಿಂಕ್ ಕೊಡುತ್ತೋ ಅದಕ್ಕೂ ತೂಕ ಬರುತ್ತೆ. ಹಾಗೇ ಮುಖ್ಯ ಪ್ಯಾಕೇಜ್ ಬಳಸೋ ಪ್ಯಾಕೇಜ್‌ಗೂ ತೂಕ ಬರಬೇಕು. ಇದರ ಜೊತೆ ಇನ್ನೊಂದು ಅಂಕಿ ಇಡಲೇಬೇಕು ಅನ್ನೋದು ನಮ್ಮ ವಾದ: ಅದನ್ನು ನೋಡಿಕೊಳ್ಳೋರು ಎಷ್ಟು ಜನ? ತೂಕ ಜಾಸ್ತಿ, ಜನ ಕಮ್ಮಿ ಇರೋ ಕಡೆಯೇ ಅಪಾಯ.

ನಿಮ್ಮ ಮಿನಿ ಪ್ರಾಜೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿಯನ್ನು ಒಮ್ಮೆ ಪೂರ್ತಿ ತೆಗೆದು ನೋಡಿ. ಓಪನ್ ಸೋರ್ಸ್‌ಗೆ ಕೆಲಸ ಮಾಡೋ ಆಸೆ ಇದ್ದರೆ ಆ ಪಟ್ಟಿಯ ತಳದಿಂದಲೇ ಶುರು ಮಾಡೋಣ. ಅಲ್ಲಿ ಒಂದು ಟೆಸ್ಟ್ ಬರೆದುಕೊಟ್ಟರೂ ಉಪಕಾರವೇ.